ಬಂದರು ಬಂದ್ರ ಮೀನ ಎಲ್ಲಿ ಒಣಗಸ್ತಾರ?

ಹೋದ ಸಂಚಿಕಿಯೊಳಗ ಕಾಸರಕೋಡ ಟೊಂಕದ ಬಗ್ಗೆ ನಾಕ ಸಾಲ ಬರದಿದ್ದೆ. ಹೊನ್ನಾವರದ ಎದುರು, ಶರಾವತಿ ಹೊಳಿ ಸಮುದ್ರಕ್ಕ ಸೇರೋ ಜಾಗಾದಾಗ ಇರೋ ಮೀನಗಾರರ ಊರು, ಅಲ್ಲೆ ಖಾಸಗಿ ವಾಣಿಜ್ಯ ಬಂದರು ಮಾಡ್ತೇವಂತ ಹೊಂಟಾರ, ಊರ ಮಂದಿ ವರ್ಷಗಟ್ಟಲೆ ಬ್ಯಾಡ ಅಂತ ಕುಂತಾರ, ಇಷ್ಟ ಬರದಿದ್ದು. ಅದಕ್ಕ ಇಷ್ಟು ಪತ್ರ ಬರ್ತಾವ ಅಂತ ಅನ್ಕೊಂಡಿದ್ದಿಲ್ಲ. ಬೈದವರೂ ಅದಾರ, ಮೀನಿನ ರೇಟ್ ಯಾವಾಗ ಇಳೀತೈತಿ ಅಂತ ಕೇಳಿದವರೂ ಅದಾರ, ಅಲ್ಲೆ ಒಂದ ಪ್ಲಾಟ್ ಹಿಡೀಲೇನು ಅಂತ ಕೇಳಿದವರೂ ಅದಾರ. ಅದಕ್ಕ ಈ ಸಲ ಪುಟ ಪೂರ್ತಿ ಸಮುದ್ರಕ್ಕ ಬಿಟ್ಟೇನಿ, ಪಹಣಿ ಪೋಡಿ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕಿ ತನಕ ತಡ್ಕೋರಿ.

ಪ್ರಶ್ನೆ: ಜೂನ್ ಬಂತಂದ್ರ ಗಣೇಶಪೇಟಿ ಮಾರ್ಕೆಟ್‌ನ್ಯಾಗ ಬಂಗಡಿ ರೇಟ್ ಕೇಳಂಗಿಲ್ಲ. ಯಾಕ್ರಿ ಅಂದ್ರ 'ಸಮುದ್ರ ಬಂದ್ ಐತಿ' ಅಂತಾರ. ಬಂದ್ ಇದ್ರ ಅವರ ಬುಟ್ಟ್ಯಾಗಿನ ಮೀನ ಎಲ್ಲಿಂದ ಬಂತು? ನಮಗ ಟೋಪಿ ಹಾಕ್ತಾರೇನು?
(ಹಳೇ ಹುಬ್ಬಳ್ಳಿಯ ಓದುಗರು)

ಉತ್ತರ: ಟೋಪಿ ಅಲ್ರಿ, ಖರೇನ ಬಂದ್ ಇರ್ತೈತಿ. ನಮ್ಮ ಕರಾವಳಿಯೊಳಗ ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ಬೋಟ್ ಸಮುದ್ರಕ್ಕ ಇಳಿಯೋ ಹಂಗಿಲ್ಲ. ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲಾ ಧಕ್ಕಿಯೊಳಗ ಕಟ್ಟಿ ನಿಂದ್ರಸ್ತಾರ, ಬಲಿ ಬಿಚ್ಚಿ ರಿಪೇರಿಗೆ ಹಾಕ್ತಾರ, ಹೊರಗಿಂದ ದುಡ್ಯಾಕ ಬಂದ ಹುಡುಗೂರು ಊರಿಗೆ ಹೋಗ್ತಾರ. ಯಾಕಂದ್ರ ಆ ಹೊತ್ತಿಗೆ ಭಾಳಷ್ಟು ಮೀನ ತತ್ತಿ ಇಡ್ತಾವ, ಮ್ಯಾಲ ಮಳಿಗಾಲದ ಸಮುದ್ರ ಅಂದ್ರ ಜೀವಕ್ಕ ಗ್ಯಾರಂಟಿ ಇಲ್ಲ. 10 ಎಚ್‌ಪಿ ತನಕ ಇಂಜಿನ್ ಇರೋ ನಾಡದೋಣಿಗೆ, ಕೈಯಿಂದ ಹುಟ್ಟು ಹಾಕೋ ದೋಣಿಗೆ ಈ ಬಂದ್ ಇಲ್ಲ, ಅವರು ಸಮುದ್ರ ಸ್ವಲ್ಪ ತಣ್ಣಗ ಆದಾಗ ದಂಡಿ ಹಿಡದ ಹೋಗಿ ಬರ್ತಾರ, ಅವರು ತಂದಿದ್ದು ಅಲ್ಲೇ ಖಾಲಿ ಆಗ್ತೈತಿ, ಘಟ್ಟ ಹತ್ತಿ ನಮ್ಮ ತನಕ ಬರೂದು ಕಡಿಮಿ.

ಹಂಗಾದ್ರ ಗಣೇಶಪೇಟ್ಯಾಗ ಇರೋದು ಎಲ್ಲೀದು? ಒಂದಿಷ್ಟು ಕೋಲ್ಡ್ ಸ್ಟೋರೇಜ್ ಮಾಲು, ಒಂದಿಷ್ಟು ಕೆರಿ ಮೀನು, ಒಂದಿಷ್ಟು ಪೂರ್ವ ಕರಾವಳೀದು. ಆಂಧ್ರ, ತಮಿಳುನಾಡಿನ ಕಡೆ ಬಂದ್ ಏಪ್ರಿಲ್ 15ಕ್ಕ ಚಾಲೂ ಆಗಿ ಜೂನ್ 14ಕ್ಕ ಮುಗೀತೈತಿ, ಅಂದ್ರ ನಮ್ಮವರು ಬೋಟ್ ಕಟ್ಟಿದ ಹದಿನೈದ ದಿನಕ್ಕ ಅವರು ಬಿಚ್ಚತಾರ. ಅಷ್ಟು ದೂರದಿಂದ ಐಸ್‌ನ್ಯಾಗ ಬಂದ ಮೀನಿಗೆ ಗಾಡಿ ಬಾಡಿಗಿ, ಐಸಿನ ಖರ್ಚು, ಎರಡ ಮೂರ ಕೈ ಕಮಿಷನ್, ಎಲ್ಲಾ ನಿಮ್ಮ ಬಂಗಡಿ ಮ್ಯಾಲ ಬೀಳ್ತೈತಿ. ಕಿವಿರು ಎತ್ತಿ ನೋಡ್ರಿ, ಕೆಂಪಗ ಇದ್ರ ತಗೋರಿ, ಕಂದು ಬಣ್ಣಕ್ಕ ತಿರುಗಿದ್ರ ರೇಟ್ ಎಷ್ಟ ಇಳಿಸಿದ್ರೂ ಬಿಡ್ರಿ. ಇನ್ನ ಈ ಎರಡ ತಿಂಗಳ ಮೀನಗಾರರ ಮನಿ ಹೆಂಗ ನಡೀತೈತಿ ಅಂತ ಯಾರೂ ಕೇಳಿಲ್ಲ, ನಾನ ಹೇಳ್ತೇನಿ. ಉಳಿತಾಯ ಪರಿಹಾರ ಅಂತ ಒಂದ ಸ್ಕೀಮ್ ಐತಿ, ಮೀನಗಾರ 1,500 ರೂಪಾಯಿ ಮೊದಲ ತುಂಬಬೇಕು, ಕೇಂದ್ರ ರಾಜ್ಯ ಸೇರಿ 3,000 ಹಾಕಿ 4,500 ಮಾಡಿ ಕೊಡ್ತಾರ. ಅದೂ ಸೊಸೈಟಿ ಮೆಂಬರ್ ಆದವರಿಗೆ, ಬಡತನದ ರೇಖೆ ಕೆಳಗ ಇದ್ದವರಿಗೆ.

ಪ್ರಶ್ನೆ: ನಿಮ್ಮ ಹೋದ ಸಲದ ಬರಹ ಓದಿ ಸಿಟ್ಟ ಬಂತು. ನಮ್ಮ ಗದಗ, ಕೊಪ್ಪಳ, ಬಳ್ಳಾರಿ ಕಡೆ ಮಾಲು ಹೊರಗ ಹೋಗಬೇಕಂದ್ರ ಗೋವಾ, ಮಂಗಳೂರು, ಇಲ್ಲಾ ಚೆನ್ನೈ ನೋಡಬೇಕು. ಹೊನ್ನಾವರದಾಗ, ಅಂಕೋಲಾ ಕೇಣಿಯೊಳಗ ಬಂದರು ಆದ್ರ ನಮಗೂ ಛಲೋ ಅವರಿಗೂ ಛಲೋ. ನಾಕ ಮಂದಿ ಮೀನಗಾರರ ಸಲುವಾಗಿ ಡೆವಲಪ್‌ಮೆಂಟ್ ನಿಂದ್ರಸಬೇಕೇನು?
(ಗದಗದ ಓದುಗರು, ವ್ಯಾಪಾರಸ್ಥರು)

ಉತ್ತರ: ಸಾಹೇಬ್ರ, ಸಿಟ್ಟ ಬಂದ್ರೂ ಪೂರ್ತಿ ಓದೀರಲ್ಲ, ಅದಕ್ಕ ಥ್ಯಾಂಕ್ಸ್. ನೀವು ಗದಗದವರು, ಅದಕ್ಕ ಗದಗದ ಲೆಕ್ಕದಿಂದಲೇ ಚಾಲೂ ಮಾಡೂಣು.

ನಿಮ್ಮ ಊರಿನ ಹತ್ತಿ ಒಂದ ಕಾಲಕ್ಕ ಕುಮಟಾ ಬಂದರದಿಂದ ಹಡಗ ಹತ್ತತಿತ್ತು. ಗದಗ, ಹುಬ್ಬಳ್ಳಿ, ಧಾರವಾಡದ ಎರಿ ಹೊಲದಾಗ ಬೆಳದ ಹತ್ತಿ ಚಕ್ಕಡಿ ಮ್ಯಾಲ ಘಟ್ಟ ಇಳದ ಕುಮಟಾಕ್ಕ ಹೋಗಿ, ಅಲ್ಲಿಂದ ಮುಂಬೈ, ಅಲ್ಲಿಂದ ಇಂಗ್ಲೆಂಡಿನ ಗಿರಣಿ. ಎಷ್ಟ ನಡೀತಂದ್ರ ಮುಂಬೈ ಪ್ಯಾಟ್ಯಾಗ ನಮ್ಮ ಭಾಗದ ಹತ್ತಿಗೆ ಕುಮಟಾ ಹತ್ತಿ ಅಂತನ ಹೆಸರು ಕುಂತಬಿಡ್ತು, ಬೆಳದವರು ನಾವು ಹೆಸರು ಅವರದು. 1861ರಿಂದ 1865ರ ತನಕ ಅಮೆರಿಕಾದಾಗ ಅಂತರ್ಯುದ್ಧ ನಡದು ಅಲ್ಲಿ ಹತ್ತಿ ಬರೂದು ನಿಂತಾಗ ಅಂತೂ ಧಾರಣಿ ಮುಗಿಲಿಗೆ ಹೋಗಿತ್ತು. ಆಮ್ಯಾಲ 1880ರ ದಶಕದಾಗ ರೈಲು ಬಂತು, ಹುಬ್ಬಳ್ಳಿಯಿಂದ ಕ್ಯಾಸಲ್‌ರಾಕ್ ಮ್ಯಾಲ ಹಾದು ಗೋವಾದ ಮಾರ್ಮಗೋವಾಕ್ಕ ಲೈನ್ ಕೂಡ್ತು, ಹತ್ತಿ ಅಂಡಿಗಿ ಎಲ್ಲಾ ರೈಲ್ ಹತ್ತಿದ್ವು, ಕುಮಟಾ ಬಂದರು ಮಲಗಿತು. ಮಾಲು ನಮ್ಮದು, ಹಡಗ ಮುಂಬೈ ಸಾಹುಕಾರರದು, ನಡಕ ಇದ್ದ ಊರಿಗೆ ಬಂದಿದ್ದು ಗೋದಾಮಿನ ಬಾಡಿಗಿ, ಹಮಾಲಿ ಪಗಾರ. ಅದು ಹೋದ ಮ್ಯಾಲೂ ಊರು ಉಳೀತು, ಹೆಂಗ ಉಳೀತು? ಮೀನು, ತೆಂಗು, ಭತ್ತ.

ಇದು ಹಳೇ ಕತಿ ಅಂತೀರಿ. ಹೊಸಾದು ನಿಮ್ಮ ಕಣ್ಣಮುಂದ ನಡದೈತಿ. 2010ರ ಮುಂಚೆ ಬಳ್ಳಾರಿ ಅದಿರಿನ ಲಾರಿ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಹಾದು ಬೇಲೇಕೇರಿಗೆ, ಕಾರವಾರಕ್ಕ ಹೆಂಗ ಹೊಕ್ಕಿದ್ವು ನೆನಪೈತಲ್ಲ? ರಸ್ತಾ ಕೆಂಪು, ಗಿಡ ಕೆಂಪು, ಬೈಕ್ ಮ್ಯಾಲ ಹೋದವನ ಅಂಗಿ ಕೆಂಪು. ಆಗೂ ಇದನ್ನ ಅಂದಿದ್ರು, ಬೇಲೇಕೇರಿ ಸುತ್ತಮುತ್ತ ಬಂಗಾರ ಬೆಳೀತೈತಿ ಅಂತ. 2010ರಾಗ ಅಲ್ಲೆ ಅರಣ್ಯ ಇಲಾಖೆಯವರು ಜಪ್ತಿ ಮಾಡಿದ ಅದಿರಿನೊಳಗ ಲಕ್ಷಗಟ್ಟಲೆ ಟನ್ ಮಾಯ ಆತು, ಅದೇ ವರ್ಷ ಜುಲೈಯೊಳಗ ರಾಜ್ಯ ಸರ್ಕಾರ ರಫ್ತು ಬಂದ್ ಮಾಡ್ತು, ಮಾಯ ಆದ ಅದಿರಿನ ಕೇಸಿನ ತೀರ್ಪು ಬರಾಕ 2024 ಬೇಕಾತು. ಲಾರಿ ಲೋನ್ ಮಾಡಿದ ನಮ್ಮ ಕಡೆ ಹುಡುಗೂರು ಕಂತು ಕಟ್ಟಾಕ ಆಗದ ಲಾರಿ ಬಿಟ್ಟು ಓಡಿದ್ರು, ಇದು ನಿಮಗ ನನಕಿಂತ ಛಲೋ ಗೊತ್ತಿರಬೇಕು. ಬೇಲೇಕೇರಿ ಮೀನಗಾರ ಮಾತ್ರ ಆಗೂ ಬಲಿ ಹಾಕ್ತಿದ್ದ, ಈಗೂ ಹಾಕ್ತಾನ.

ಬಂದರು ಅಂದ ಕೂಡ್ಲೆ ಕೆಟ್ಟದ್ದು ಅಂತ ನಾ ಹೇಳಾಕತ್ತಿಲ್ಲ. ಆದ್ರ ಯಾವ ಬಂದರು ಅಂತ ಕೇಳ್ರಿ. ಬೋಟ್ ನಿಂದ್ರಾಕ ಧಕ್ಕಿ, ಹರಾಜಿಗೆ ಹಾಲು, ಐಸ್ ಪ್ಲಾಂಟು, ಡೀಸೆಲ್ ಬಂಕು, ಕುಡಿಯೋ ನೀರು, ಹೆಣ್ಮಕ್ಕಳಿಗೆ ಶೌಚಾಲಯ ಇರೋದು ಮೀನಗಾರಿಕೆ ಬಂದರು. ಕಲ್ಲಿದ್ದಲು, ಅದಿರು, ಕಂಟೇನರ್ ಇಳಸೋದು ವಾಣಿಜ್ಯ ಬಂದರು. ಕೇಣಿದ್ದು ಎರಡನೇ ಜಾತೀದು, 2023ರ ನವೆಂಬರ್‌ದಾಗ ಖಾಸಗಿ ಕಂಪನಿಗೆ ಕೊಟ್ಟಿದ್ದು, 4,119 ಕೋಟಿ ರೂಪಾಯಿ ಅಂದಾಜು, ವರ್ಷಕ್ಕ 3 ಕೋಟಿ ಟನ್ ಮಾಲಿನ ಲೆಕ್ಕ. ಕಾಸರಕೋಡದ್ದು ಅದಕ್ಕಿಂತ ಹಳೇದು. ಅಂಥಾ ದೊಡ್ಡ ಕೆಲಸ ಬೇಕೋ ಬ್ಯಾಡೋ ಅನ್ನೂದು ಬ್ಯಾರೆ ಚರ್ಚೆ, ಆದ್ರ ಅದನ್ನ ಆ ಊರಿನ ಡೆವಲಪ್‌ಮೆಂಟ್ ಅಂತ ಕರಿಯೋಕ ಮೊದಲು ಆ ಊರಿನವರು ಏನ್ ಕಳಕೊಂತಾರ ಅನ್ನೂದು ನೋಡಬೇಕಲ್ಲ?

ಅದನ್ನ ನೋಡಬೇಕಂದ್ರ ಫೆಬ್ರುವರಿ ಮಾರ್ಚ್ ಬಿಸಲಾಗ ಟೊಂಕದ ದಂಡಿಗೆ ಹೋಗ್ರಿ. ನಿಮ್ಮ ಕಡೆ ಹಿಂಗಾರಿ ರಾಶಿ ಹೊತ್ತಿಗೆ ಕಣ ಹೆಂಗಿರ್ತೈತಿ, ಅದು ಅವರ ಕಣ. ಸಾಲಕ ಹಳೇ ಬಲಿ ಹಾಸಿ ಅದರ ಮ್ಯಾಲ ಸಣ್ಣ ಮೀನ ಹರವಿರ್ತಾರ, ದೊಡ್ಡವನ್ನ ಹೊಟ್ಟಿ ಸೀಳಿ ಉಪ್ಪಿನ ತೊಟ್ಟ್ಯಾಗ ಒಂದ ರಾತ್ರಿ ಇಟ್ಟು ಆಮ್ಯಾಲ ಬಿಸಲಿಗೆ. ಹೊತ್ತು ಏರೋದರೊಳಗ ಒಂದ ಸಲ ಮಗಚಿ ಹಾಕಬೇಕು, ಇಲ್ಲಾಂದ್ರ ಒಂದ ಮಗ್ಗಲ ಗರಿಗರಿ, ಇನ್ನೊಂದ ಮಗ್ಗಲ ವಾಸನಿ. ತಲಿಗೆ ಟವೆಲ್ ಸುತ್ತಿದ ಹೆಣ್ಮಕ್ಕಳು ಬಗ್ಗಿಕೊಂಡ ಸಾಲ ಹಿಡದ ಹೋಗ್ತಿರ್ತಾರ, ನಡುನಡುವ ಒಂದ ಕೈಯಾಗ ಕಾಗಿ ಓಡ್ಸೋ ಕೋಲು. ಸಂಜಿಗೆ ಗುಡ್ಡಿ ಹಾಕಿ ತಾಡಪತ್ರಿ ಮುಚ್ಚತಾರ, ನಮ್ಮ ಹಾವೇರಿ ಗದಗ ಸಂತಿಯೊಳಗ ಗೋಣಿಚೀಲದ ಮ್ಯಾಲ ಮಾರೋ ಒಣ ಮೀನ ಇಂಥಾ ದಂಡಿಯಿಂದ ಬಂದಿದ್ದು. ಈ ಕೆಲಸಕ್ಕ ಬೇಕಾಗಿದ್ದು ಮಿಷನ್ ಅಲ್ಲ, ಬ್ಯಾಂಕ್ ಲೋನ್ ಅಲ್ಲ, ಬಯಲು. ಗಾಳಿ, ಬಿಸಲು ಬೀಳೋ ಉಸಕಿನ ಬಯಲು, ಅದೂ ಬೋಟ್ ಬರೋ ಜಾಗಾದ ಮಗ್ಗಲಿಗೆ. ಸರ್ಕಾರಿ ಕಾಗದದಾಗ ಅದು ಖಾಲಿ ಜಾಗ. ಬಂದರಿನ ಗೋದಾಮಿಗೂ, ಹೈವೇಕ ಕೂಡೋ ರಸ್ತಾಕ್ಕೂ ಅದೇ ಖಾಲಿ ಜಾಗ ಬೇಕು.

ನೀವು ನಾಕ ಮಂದಿ ಅಂದ್ರಿ. ಒಂದ ಬೋಟ್ ಬಂದು ಧಕ್ಕಿಗೆ ಹತ್ತಿದ್ರ ಅದರ ಹಿಂದ ಯಾರ್ಯಾರು ಉಣ್ತಾರ ಎಣಸ್ರಿ: ಬೋಟ್ ನಡಸೋ ತಾಂಡೇಲ, ಅದರಾಗ ದುಡಿಯೋ ಕಲಾಸಿಗಳು, ಬುಟ್ಟಿ ಹೊರೋರು, ಐಸ್ ಪುಡಿ ಮಾಡೋರು, ಹರಾಜು ಕೂಗೋರು, ತಲಿ ಮ್ಯಾಲ ಹೊತ್ತು ಮನಿಮನಿಗೆ ಮಾರೋ ಅಕ್ಕಗೋಳು, ಒಣಗಸೋರು, ಬಲಿ ಹೆಣಿಯೋರು, ಇಂಜಿನ್ ರಿಪೇರಿಯವರು, ಕಡೀಕ ಹುಬ್ಬಳ್ಳಿ ತನಕ ಪಿಕಪ್ ಓಡ್ಸೋ ಡ್ರೈವರ್. ದೊಡ್ಡ ಬಂದರಿನಾಗ ಕ್ರೇನು, ಬೆಲ್ಟು ಕೆಲಸ ಮಾಡ್ತಾವ, ಅದರಾಗ ಮೀನ ಒಣಗಸೋ ಐವತ್ತ ವರ್ಷದ ಅಕ್ಕಾಗ ಏನ ಕೆಲಸ ಕೊಡ್ತಾರ? ಸೆಕ್ಯುರಿಟಿ ಗಾರ್ಡ್ ಕೆಲಸ ಆಕಿ ಮಗಗ ಸಿಕ್ರ ಸಿಕ್ಕೀತು.

ಮತ್ತ ಏನ ಮಾಡಬೇಕು ಅಂತ ಕೇಳಿದ್ರ ನನ್ನ ಅಭಿಪ್ರಾಯ ಇಷ್ಟ: ಬೋಟ್ ಹತ್ತೋ ಜಾಗ, ಒಣಗಸೋ ಬಯಲು, ಮನಿ ಇರೋ ಜಾಗ, ಈ ಮೂರೂ ಮೊದಲ ಕಾಗದದ ಮ್ಯಾಲ ಅವರ ಹೆಸರಿಗೆ ಆಗಲಿ. ದಂಡಿ ಮ್ಯಾಲಿನ ಎಷ್ಟೋ ಮನಿಗೆ ಹಕ್ಕುಪತ್ರ ಇಲ್ಲ, ಅಜ್ಜನ ಕಾಲದಿಂದ ಅಲ್ಲೇ ಅದಾರ, ಆದ್ರ ಕಾಗದ ಕೇಳಿದ್ರ ಅತಿಕ್ರಮಣದಾರರು. ಅದಾದ ಮ್ಯಾಲ ಕಂಪನಿಯವರು ಬಂದು ಮಾತಾಡ್ಲಿ, ಆಗ ಮಾತು ಸರಿಸಮ ಆಗ್ತೈತಿ. ನಿಮ್ಮ ಗದಗದಾಗ ರೈತರ ಭೂಮಿಗೆ ನೋಟೀಸ್ ಬಂದಾಗ ನೀವೂ ಇದನ್ನ ಕೇಳಿರ್ತೀರಿ.

ಪ್ರಶ್ನೆ: ಸರ್, ನಾನು ಧಾರವಾಡದಾಗ ಡಿಗ್ರಿ ಮಾಡಾಕತ್ತೇನಿ. ಪೇಪರ್‌ನ್ಯಾಗ ಪ್ರತಿ ವರ್ಷ 'ಅಳಿವೆಯಲ್ಲಿ ಹೂಳು, ದೋಣಿ ಮಗುಚಿತು' ಅಂತ ಬರ್ತೈತಿ. ಹೂಳು ತಗದ ಹಾಕಿದ್ರ ಮುಗೀತಲ್ಲ, ಯಾಕ ತಗ್ಯಾಂಗಿಲ್ಲ?
(ಧಾರವಾಡದ ವಿದ್ಯಾರ್ಥಿನಿ)

ಉತ್ತರ: ತಗೀತಾರ ತಂಗಿ, ಮತ್ತ ತುಂಬತೈತಿ. ಹೊಳಿ ಸಮುದ್ರಕ್ಕ ಬೀಳೋ ಬಾಯಿಗೆ ಅಳಿವಿ ಅಂತಾರ. ಹೊಳಿ ಘಟ್ಟದಿಂದ ಉಸುಕು ಹೊತ್ತು ತರ್ತೈತಿ, ಸಮುದ್ರದ ತೆರಿ ಅದನ್ನ ವಾಪಸ್ ದಬ್ಬತೈತಿ, ಇಬ್ಬರ ಜಗಳದಾಗ ಬಾಯಿಯೊಳಗ ಉಸಕಿನ ದಿಬ್ಬ ಕೂಡ್ತೈತಿ. ಆ ದಿಬ್ಬ ಒಂದ ಕಡೆ ಇರಂಗಿಲ್ಲ, ಈ ವರ್ಷ ಉತ್ತರಕ್ಕ ಇದ್ದದ್ದು ಮುಂದಿನ ವರ್ಷ ನಡುವ. ಶರಾವತಿ ಅಳಿವಿ ಅಂತೂ ಇದಕ್ಕ ಹೆಸರಾಗಿದ್ದು. ಭರತಿ ಇದ್ದಾಗ ನೀರು ಏರಿ ಬೋಟ್ ಪಾರಾಗ್ತೈತಿ, ಇಳತದಾಗ ತಳ ಉಸುಕಿಗೆ ತಾಕ್ತೈತಿ, ಅಷ್ಟರಾಗ ಹಿಂದಿಂದ ಒಂದ ತೆರಿ ಬಂದು ಅಡ್ಡ ಹೊಡದ್ರ ಬೋಟ್ ಪಲ್ಟಿ. ಅಂದ್ರ ಸಮುದ್ರದ ನಡುವ ಅಲ್ಲ, ಮನಿ ಬಾಗಲ ಮುಂದ ಜೀವ ಹೋಗ್ತಾವ. ಅದಕ್ಕ ಮೀನ ಹಿಡದ ಮುಗದ್ರೂ ಬೋಟ್ ಹೊರಗ ನಿಂತು ಭರತಿ ಕಾಯಬೇಕು, ಐಸ್ ಕರಗ್ತೈತಿ, ಮೀನಿನ ರೇಟ್ ಬೀಳ್ತೈತಿ.

ಡ್ರೆಜ್ಜಿಂಗ್, ಅಂದ್ರ ಮಿಷನ್‌ನಿಂದ ಹೂಳ ತಗದ್ರ, ಒಂದ ಎರಡ ಸೀಸನ್ ಸುಖ. ಕಾಯಂ ಇಲಾಜು ಬೇಕಂದ್ರ ಅಳಿವಿಯ ಎರಡೂ ಕಡೆ ಸಮುದ್ರದೊಳಗ ಕಲ್ಲಿನ ಗೋಡಿ ಕಟ್ಟಬೇಕು, ಬ್ರೇಕ್‌ವಾಟರ್ ಅಂತಾರ. ಅದಕ್ಕೂ ಒಂದ ಪೇಚು ಐತಿ. ದಂಡಿ ಗುಂಟ ಉಸುಕು ಸದಾ ಹರೀತಿರ್ತೈತಿ, ಗೋಡಿ ಅಡ್ಡ ಬಂದ್ರ ಒಂದ ಮಗ್ಗಲ ಉಸುಕು ಗುಡ್ಡಿ ಬೀಳ್ತೈತಿ, ಇನ್ನೊಂದ ಮಗ್ಗಲ ದಂಡಿ ಕೊರದು ತೆಂಗಿನ ಗಿಡ, ಮನಿ, ರಸ್ತಾ ಸಮುದ್ರಕ್ಕ ಹೋಗ್ತಾವ. ಆಗ ಅಲ್ಲೆ ಕಲ್ಲ ಸುರೀತಾರ, ಕೊರತ ಅದರ ಮುಂದಿನ ಊರಿಗೆ ಹೋಗ್ತೈತಿ. ಅದಕ್ಕ ಗೋಡಿ ಕಟ್ಟೋ ಮುಂಚೆ ಮೂರ ನಾಕ ವರ್ಷ ಉಸಕಿನ ಲೆಕ್ಕ ಹಿಡೀಬೇಕು. ನಮ್ಮಲ್ಲಿ ಇಲೆಕ್ಷನ್ ಬಂದಾಗ ಟೆಂಡರ್ ಕರೀತಾರ, ಲೆಕ್ಕ ಯಾರಿಗೆ ಬೇಕಾಗೈತಿ. ಜಿಯಾಗ್ರಫಿ ಓದಾಕತ್ತಿದ್ರ ಇದನ್ನ ಪ್ರಾಜೆಕ್ಟ್ ಮಾಡು, ಛಲೋ ಆಗ್ತೈತಿ.

ಪ್ರಶ್ನೆ: ನಮ್ಮ ಮನ್ಯಾಗ ಮೀನ ಮಾತ ಆಡಂಗಿಲ್ಲ, ನೀವ ಹೋದ ಸಲ ಅರ್ಧ ಪುಟ ಮೀನ ಹರವೀರಿ. ಶಾಕಾಹಾರಿಗಳಿಗೆ ಈ ಊರಿನ ಸುದ್ದಿ ಯಾಕ ಬೇಕ್ರಿ?
(ಧಾರವಾಡ ಸಪ್ತಾಪುರದ ಹಿರಿಯ ಓದುಗರು)

ಉತ್ತರ: ಈ ಸಲ ಪೂರ್ತಿ ಪುಟ ಹರವೇನಿ, ಕ್ಷಮಾ ಇರಲಿ. ಮೀನ ಬಿಡ್ರಿ ಅಜ್ಜಾರ, ನಿಮ್ಮ ಮನಿ ಲೈಟಿನ ಸುದ್ದಿ ಐತಿ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಾಗ, ಆಮ್ಯಾಲ ಕೆಳಗ ಗೇರುಸೊಪ್ಪ. ಕರೆಂಟ್ ತಯಾರಿ ಮಾಡಿದ ಮ್ಯಾಲ ಸಿಹಿನೀರು ಬ್ಯಾಸಗಿಯೊಳಗೂ ಹೊಳಿಗೆ ಬಿಡ್ತಾರ. ಮೊದಲ ಬ್ಯಾಸಗಿಯಾಗ ಹೊಳಿ ಸಣ್ಣಾಗಿ ಸಮುದ್ರದ ಉಪ್ಪನೀರು ಒಳಗ ಭಾಳ ದೂರ ಏರ್ತಿತ್ತು, ಆ ಉಪ್ಪಿಗೆ ಬೆಳಿಯೋ ಚಿಪ್ಪಿಕಲ್ಲು, ಸಿಗಡಿ, ಮೀನ ಹೊಳಿಯೊಳಗ ಇರ್ತಿದ್ವು. ವರ್ಷ ಪೂರ್ತಿ ಸಿಹಿನೀರು ಬರಾಕ ಹತ್ತಿದ ಮ್ಯಾಲ ಉಪ್ಪು ಕಡಿಮಿ ಆತು, ಅವೂ ಕಡಿಮಿ ಆದ್ವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿ ಅಳಿವಿ, ಅಘನಾಶಿನಿ ಅಳಿವಿ ಎರಡೂ ಇಟ್ಟು ಹೋಲಿಸಿ ಇದನ್ನ ತೋರಿಸ್ಯಾರ. ಈಗ ಮತ್ತ ಶರಾವತಿ ಮ್ಯಾಲ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದ್ರ ಕೆಳಗಿನ ನೀರ ಮ್ಯಾಲ ಎತ್ತಿ ಮತ್ತ ಕೆಳಗ ಬಿಟ್ಟು ಕರೆಂಟ್ ಮಾಡೋದು, ಮಾಡ್ತೇವಂತ ಹೊಂಟಾರ. ನೀವು ಸ್ವಿಚ್ ಹಾಕಿದ್ರ ಅದರ ಬಿಲ್ಲು ಒಂದಿಷ್ಟು ಹೊನ್ನಾವರದ ಹೊಳಿ ಮೀನಗಾರನೂ ಕಟ್ಟತಾನ. ಉಪ್ಪಿನಕಾಯಿಗೆ ಹಳ್ಳುಪ್ಪು ಬೇಕಲ್ಲ, ಗೋಕರ್ಣದ ಹತ್ರ ಸಾಣಿಕಟ್ಟಾದ ಉಪ್ಪು ಸಿಕ್ರ ತಗೋರಿ, ಅದೂ ಅಳಿವಿ ನೀರಿಂದಲೇ ಆಗಿದ್ದು, ಮತ್ತ ಪಕ್ಕಾ ಶಾಕಾಹಾರಿ.

ಪ್ರಶ್ನೆ: ನಮ್ಮ ಮಾಗಡಿ ಕೆರಿಗೆ ಏನೋ ಇಂಟರ್‌ನ್ಯಾಶನಲ್ ಮಾನ್ಯತೆ ಸಿಕ್ಕೈತಿ, ಅದರ ಜೋಡಿ ಕರಾವಳಿಯ ಯಾವದೋ ಹೊಳಿಗೂ ಸಿಕ್ಕೈತಿ ಅಂತಾರ. ಇದರಿಂದ ಊರಿಗೆ ರೊಕ್ಕ ಬರ್ತೈತೇನು?
(ಲಕ್ಷ್ಮೇಶ್ವರದ ಓದುಗರು)

ಉತ್ತರ: ರಾಮ್ಸರ್ ತಾಣ ಅಂತಾರ ಅದಕ್ಕ, ಜಗತ್ತಿನ ಮಟ್ಟದಾಗ ಕಾಪಾಡಬೇಕಾದ ಕೆರಿ, ಅಳಿವಿಯಂಥಾ ನೀರಿನ ಜಾಗಗಳ ಪಟ್ಟಿ ಅದು. 2024ರ ಜನವರಿ ಕಡೀಕ ಕರ್ನಾಟಕದ ಮೂರ ಜಾಗ ಒಮ್ಮೆಲೆ ಪಟ್ಟಿಗೆ ಸೇರಿದ್ವು: ನಿಮ್ಮ ಮಾಗಡಿ ಕೆರಿ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಮತ್ತ ಕುಮಟಾ ಕಡೆ ಅಘನಾಶಿನಿ ಅಳಿವಿ. ಅದರ ಮುಂಚೆ 2022ರಾಗ ರಂಗನತಿಟ್ಟು ಒಂದೇ ಇತ್ತು. ಪಟ್ಟಿಗೆ ಸೇರಿದ ಕೂಡ್ಲೆ ರೊಕ್ಕ ಸುರಿಯಂಗಿಲ್ಲ. ಆದ್ರ ನಾಳೆ ಯಾರರ ಆ ಜಾಗಾ ತುಂಬಿ ಲೇಔಟ್ ಮಾಡ್ತೇನಂದ್ರ ಅಡ್ಡ ನಿಂದ್ರಾಕ ಕೈಯಾಗ ಒಂದ ಕಾಗದ ಇರ್ತೈತಿ, ಅದು ಸಣ್ಣದಲ್ಲ. ಅಘನಾಶಿನಿಗೆ ಇವತ್ತಿಗೂ ದೊಡ್ಡ ಅಣೆಕಟ್ಟು ಇಲ್ಲ, ಅದರ ಬಾಯಿಯೊಳಗ ತದಡಿಯೊಳಗ ಒಂದ ಕಾಲಕ್ಕ 4,000 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಮಾಡ್ತೇವಂತ ಹೊಂಟಿದ್ರು, ಮಂದಿ ವಿರೋಧ ಮಾಡಿ ನಿಂತಿತು. ನಿಂತಿದ್ದಕ್ಕ ಇವತ್ತ ಅಲ್ಲಿ ಹೆಣ್ಮಕ್ಕಳು ಇಳತದ ಹೊತ್ತಿನಾಗ ಮೊಣಕಾಲ ನೀರಾಗ ನಿಂತು ಚಿಪ್ಪಿಕಲ್ಲು ಆರಸ್ತಾರ, ಗಜನಿ ಗದ್ದಿಯೊಳಗ ಉಪ್ಪನೀರಿಗೆ ಜಗ್ಗದ ಕಗ್ಗ ಭತ್ತ ಬೆಳೀತಾರ, ಭತ್ತ ಕೊಯ್ದ ಮ್ಯಾಲ ಅದೇ ಗದ್ದಿಯೊಳಗ ಸಿಗಡಿ ಹಿಡೀತಾರ. ಬಂಡವಾಳ ಇಲ್ಲದ ದುಡಿಮಿ ಅದು. ನಿಮ್ಮ ಕೆರಿಗೆ ಚಳಿಗಾಲದಾಗ ಮಧ್ಯ ಏಷ್ಯಾದಿಂದ ಪಟ್ಟೆ ತಲೆ ಹೆಬ್ಬಾತು ಬರ್ತಾವಲ್ಲ, ಅವುಗಳ ಸಲುವಾಗಿ ಬರೋ ಮಂದಿಗೆ ಒಂದ ಚಾ ಅಂಗಡಿ, ಒಂದ ಶೌಚಾಲಯ, ನಾಕ ಹುಡುಗರಿಗೆ ಗೈಡ್ ಟ್ರೇನಿಂಗ್, ಇಷ್ಟ ಪಂಚಾಯ್ತಿಯವರಿಗೆ ಕೇಳ್ರಿ. ಕೆರಿ ದಂಡಿಗೆ ಕಾಂಕ್ರೀಟ್ ಹಾಕಿ ವಾಕಿಂಗ್ ಪಾತ್ ಮಾಡ್ತೇವಂದ್ರ ಮಾತ್ರ ಬ್ಯಾಡ ಅನ್ರಿ.

ಪ್ರಶ್ನೆ: ಕರಾವಳಿಯವರು ಮೀನ ಸಾರಿಗೆ ನಮ್ಮ ಮೆಣಸಿನಕಾಯಿ ಬಳಸ್ತಾರಂತ, ಖರೇನ?
(ಬ್ಯಾಡಗಿಯ ಓದುಗರು)

ಉತ್ತರ: ಖರೇ ಅಂದ್ರ ಖರೇ. ಬಣ್ಣಕ್ಕ ಬ್ಯಾಡಗಿನೇ ಬೇಕು, ಖಾರಕ್ಕ ಬ್ಯಾರೆ ಕಾಯಿ ನಾಕ ಸೇರಸ್ತಾರ. ಮೇ ತಿಂಗಳದಾಗ ಅಲ್ಲಿ ಮನಿಮನಿಯೊಳಗ ಮಳಿಗಾಲದ ಸಾಮಾನು ತುಂಬಸೋ ಗಡಿಬಿಡಿ, ಒಣ ಮೀನ, ಒಣ ಮೆಣಸಿನಕಾಯಿ, ಹುಣಸಿ, ಉಪ್ಪು. ಘಟ್ಟದ ಮ್ಯಾಲಿಂದ ಕಾಯಿ ಇಳೀತೈತಿ, ಕೆಳಗಿಂದ ಒಣ ಮೀನ ಏರ್ತೈತಿ, ಎರಡಕ್ಕೂ ಬಿಸಲ ಬೇಕು, ಎರಡಕ್ಕೂ ಅಕಾಲ ಮಳಿ ವೈರಿ. ನಿಮ್ಮ ಯಾರ್ಡಿನಾಗ ಟೆಂಡರ್ ಆಗಿ ಧಾರಣಿ ಬೋರ್ಡ್ ಮ್ಯಾಲ ಬರ್ತೈತಿ, ಒಣ ಮೀನಿಗೆ ಆ ಭಾಗ್ಯ ಇಲ್ಲ, ಸಾಲ ಕೊಟ್ಟ ವ್ಯಾಪಾರಿ ಹೇಳಿದ್ದ ರೇಟು. ಡೆವಲಪ್‌ಮೆಂಟ್ ಮಾಡೋರು ಇಂಥಾದ್ದಕ್ಕ ಕೈ ಹಾಕಲಿ ಅಂತೇನಿ, ಒಂದ ಶೆಡ್ಡು, ಒಂದ ತಕ್ಕಡಿ, ಒಂದ ಧಾರಣಿ ಬೋರ್ಡು.

ಪ್ರಶ್ನೆ: ನಾನು ರಿಟೈರ್ ಆಗೇನಿ. ಹೊನ್ನಾವರ ಕುಮಟಾ ನಡುವ ಸಮುದ್ರಕ್ಕ ಹತ್ತಿ ಹತ್ತ ಗುಂಟೆ ಜಾಗಾ ಐತಿ, ಹೋಮ್‌ಸ್ಟೇ ಮಾಡ್ರಿ, ಬಂದರು ಬಂದ್ರ ರೇಟ್ ಡಬಲ್ ಅಂತ ಏಜೆಂಟ್ ಬೆನ್ನ ಹತ್ತ್ಯಾನ. ತಗೊಳ್ಳಲೇನು?
(ಹುಬ್ಬಳ್ಳಿ ವಿದ್ಯಾನಗರದ ಓದುಗರು)

ಉತ್ತರ: ಪಿಎಫ್ ರೊಕ್ಕ ಅಂತ ಕಾಣ್ತೈತಿ, ಸಾವಕಾಶ್ರಿ. ಸಮುದ್ರದ ದಂಡಿಗೆ ಸಿಆರ್‌ಝಡ್, ಅಂದ್ರ ಕರಾವಳಿ ನಿಯಂತ್ರಣ ವಲಯ ಅಂತ ಕಾನೂನು ಐತಿ, 1991ರಾಗ ಮೊದಲ ಬಂತು, 2011ರಾಗ ಬದಲಾತು, ಈಗ ನಡಿಯೋದು 2019ರ ಅಧಿಸೂಚನಿ. ದೊಡ್ಡ ಭರತಿ ನೀರು ಎಲ್ಲಿ ತನಕ ಏರ್ತೈತೋ ಆ ಗೆರಿಯಿಂದ ಅಳತಿ ಹಿಡೀತಾರ. ಹಳ್ಳಿ ಭಾಗದಾಗ ಮಂದಿ ತೆಳ್ಳಗ ಇದ್ದಲ್ಲಿ 200 ಮೀಟರ್, ಚದರ ಕಿಲೋಮೀಟರ್‌ಗೆ 2,161ಕ್ಕಿಂತ ಜಾಸ್ತಿ ಮಂದಿ ಇದ್ದಲ್ಲಿ 50 ಮೀಟರ್ ಹೊಸಾ ಕಟ್ಟಡಕ್ಕ ಬಂದ್, ಪಟ್ಟಣದ ಒಳಗ ನಿಯಮ ಬ್ಯಾರೆ. ಸಮುದ್ರ ಅಷ್ಟ ಅಲ್ಲ, ಭರತಿ ಏರೋ ಹೊಳಿ, ಹಳ್ಳದ ದಂಡಿಗೂ ಇದು ಬರ್ತೈತಿ, ಇದನ್ನ ಏಜೆಂಟ್ ಹೇಳಂಗಿಲ್ಲ. ನೀವು ಹತ್ತ ಗುಂಟೆ ಅಂತ ರೊಕ್ಕ ಕೊಟ್ಟು ಆಮ್ಯಾಲ ಮೂರ ಗುಂಟೆದಾಗ ಮನಿ ಕಟ್ಟೋ ಹಂಗ ಆದ್ರ? ಅದಕ್ಕ ಸರ್ವೆ ನಂಬರ್ ಹಿಡಕೊಂಡು ಕಾರವಾರದಾಗಿನ ಪ್ರಾದೇಶಿಕ ಪರಿಸರ ನಿರ್ದೇಶಕರ ಕಚೇರಿಗೆ ಹೋಗಿ ನಕ್ಷಾದಾಗ ಆ ನಂಬರ್ ಎಲ್ಲಿ ಬೀಳ್ತೈತಿ ಬರಹದಾಗ ತಗೋರಿ, ಪಂಚಾಯ್ತಿ ಮೆಂಬರ್ ಬಾಯಿ ಮಾತು ನಡ್ಯಾಂಗಿಲ್ಲ.

ಇನ್ನೊಂದ ಮಾತು. ಏಜೆಂಟ್ ಒಂದ ಉಸಿರಿನಾಗ ಹೋಮ್‌ಸ್ಟೇ ಅಂತಾನ, ಇನ್ನೊಂದ ಉಸಿರಿನಾಗ ಬಂದರು ಅಂತಾನ. ಕಲ್ಲಿದ್ದಲ ಧೂಳ ಬೀಳೋ ಕಡೆ ರಜಾ ಕಳ್ಯಾಕ ಯಾರ ಬರ್ತಾರ್ರಿ? ಕಾಸರಕೋಡದ ಬೀಚಿಗೆ 2020ರಾಗ ಪಡುಬಿದ್ರಿ ಜೋಡಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಸ್ವಚ್ಛ ನೀರು, ಸ್ವಚ್ಛ ದಂಡಿ ಅಂತ ಕೊಡೋ ಗುರುತು ಅದು. ಅದೇ ಊರಿನಾಗ ಬಂದರಿನ ಕೆಲಸಾನೂ. ಎರಡರಾಗ ಒಂದ ನಡೀತೈತಿ, ಎರಡೂ ಒಂದೇ ಜಾಗಾದಾಗ ನಡೀತಾವ ಅನ್ನೋದನ್ನ ನಾನಂತೂ ನಂಬಂಗಿಲ್ಲ.

ಪ್ರಶ್ನೆ: ಹುಬ್ಬಳ್ಳಿ ಅಂಕೋಲಾ ರೈಲು ಯಾವಾಗ?
(ಕಲಘಟಗಿಯ ಓದುಗರು)

ಉತ್ತರ: ಅಡಿಗಲ್ಲು ಹಾಕಿದ್ದು 1990ರ ದಶಕದ ಕಡೀಕ. ಆಗ ಹುಟ್ಟಿದ ಹುಡುಗೂರಿಗೆ ಈಗ ಮದುವಿ ಆಗ್ಯಾವ. ಲೈನ್ ಹೋಗೋದು ಯಲ್ಲಾಪುರದ ದಟ್ಟ ಕಾಡಿನಾಗ, ಅದಕ್ಕ ವನ್ಯಜೀವಿ ಮಂಡಳಿ, ಕೋರ್ಟು, ಮತ್ತ ಸರ್ವೆ ಅಂತ ತಿರಗಾಕತ್ತೈತಿ. ಒಂದ ಮಾತ ಮಾತ್ರ ನೆನಪಿಡ್ರಿ, ಆ ರೈಲು ಮೊದಲ ಯೋಜನೆ ಆಗಿದ್ದು ಅದಿರು ಸಾಗಸಾಕ, ನೀವು ನಾವು ಬೀಚಿಗೆ ಹೋಗಾಕ ಅಲ್ಲ. ಮತ್ತ ಘಟ್ಟ ಕೊರದ್ರ ಏನಾಗ್ತೈತಿ ಅನ್ನೂದು 2024ರ ಜುಲೈ 16ಕ್ಕ ಅಂಕೋಲಾದ ಶಿರೂರಿನಾಗ ಹೈವೇ ಮ್ಯಾಲ ಗುಡ್ಡ ಬಿದ್ದಾಗ ಎಲ್ಲಾರೂ ನೋಡೇವಿ, ಚಾ ಅಂಗಡಿ ಸಹಿತ ಮಂದಿ ಗಂಗಾವಳಿ ಹೊಳಿಗೆ ಹೋದ್ರು.

ಪ್ರಶ್ನೆ: ಶಾಲಿ ಮಕ್ಕಳನ್ನ ಹೊನ್ನಾವರ, ಮುರ್ಡೇಶ್ವರ ಕಡೆ ಪ್ರವಾಸಕ್ಕ ಕರಕೊಂಡ ಹೋಗಬೇಕಂತ ಮಾಡೇವಿ. ಯಾವ ತಿಂಗಳ ಛಲೋ? ಬೀಚ್ ಬಿಟ್ಟು ಏನ ತೋರಸಬೇಕು?
(ಹಾವೇರಿ ಜಿಲ್ಲೆಯ ಶಿಕ್ಷಕಿ)

ಉತ್ತರ: ಡಿಸೆಂಬರ್, ಜನವರಿ ಛಲೋ ಟೀಚರ್, ಆದ್ರ ನೀರಿಗೆ ಇಳಿಸೋ ವಿಚಾರ ಮೊದಲ ತಲಿಯಿಂದ ತಗೀರಿ. 2024ರ ಡಿಸೆಂಬರ್‌ದಾಗ ಮುರ್ಡೇಶ್ವರದಾಗ ಪ್ರವಾಸಕ್ಕ ಬಂದ ನಾಕ ಶಾಲಿ ಹುಡುಗ್ಯಾರು ನೀರ ಪಾಲಾದ್ರು, ಅದೂ ಮಳಿಗಾಲ ಮುಗದು ಸಮುದ್ರ ತಣ್ಣಗ ಕಾಣೋ ಹೊತ್ತಿನಾಗ. ನಮ್ಮ ಮಕ್ಕಳು ಕೆರಿ, ಕಾಲುವಿಯೊಳಗ ಈಜಿದ್ರೂ ಸಮುದ್ರ ಒಳಗ ಜಗ್ಗೋದು ಗೊತ್ತಿರಂಗಿಲ್ಲ. ಅಳಿವಿ ಹತ್ರ ಅಂತೂ ಪಾದ ತೋಯಿಸೋದೂ ಬ್ಯಾಡ.

ತೋರಸಾಕ ಭಾಳ ಐತಿ. ಕಾಸರಕೋಡದಾಗ ಶರಾವತಿ ಕಾಂಡ್ಲಾ ಕಾಡಿನೊಳಗ ಕಟ್ಟಿಗಿ ಸೇತುವಿ ಮ್ಯಾಲ ನಡಕೊಂಡ ಹೋಗಬಹುದು, ಕಾಂಡ್ಲಾ ಬೇರು ಕೆಸರಿನಿಂದ ಮ್ಯಾಲ ಎದ್ದು ಉಸರಾಡೋದನ್ನ ಮಕ್ಕಳು ಕಣ್ಣಾರೆ ನೋಡ್ತಾವ. ಬೆಳಿಗ್ಗೆ ಲಗೂನ ಎಬ್ಬಿಸಿ ಧಕ್ಕಿಗೆ ಕರಕೊಂಡ ಹೋಗ್ರಿ, ಬೋಟ್ ಬರೋದು, ಬುಟ್ಟಿ ಇಳಸೋದು, ಹರಾಜು ಕೂಗೋದು ಎಲ್ಲಾ ಅರ್ಧ ತಾಸಿನಾಗ ಮುಗೀತೈತಿ. ಸಾಲಾಗಿ ಒಂದ ಕಡೆ ನಿಂದ್ರಸ್ರಿ, ದುಡಿಯೋರ ಕಾಲಾಗ ಅಡ್ಡ ಬರಬಾರದು, ಹೆಣ್ಮಕ್ಕಳ ಫೋಟೋ ಕೇಳದ ತಗೀಬಾರದು. ಮೂಗ ಮುಚ್ಚಿಕೊಳ್ಳಬ್ಯಾಡ್ರಿ ಅಂತ ಬಸ್‌ನ್ಯಾಗೇ ಹೇಳಿ ಇಳಸ್ರಿ.